ಹಿರಿಯ ಸಂದೂಕಗಳಿಗೆ ಗಿರಾಕಿ ಯಾರು?



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹಳೆಯ ದೊಡ್ಡ ಮನೆಗಳಲ್ಲಿ ಪಡಸಾಲೆಯ ತೂಗುಮಂಚವೂ ಒಳಕೋಣೆಯ ಸಾಗವಾನಿ ಸಂದೂಕವೂ ಗೋಡೆಕಂಬಗಳಂತೆ ಮನೆಯ ಅಂಗಗಳೇ ಆಗಿದ್ದವು. ಈಗ ಅಣ್ಣತಮ್ಮಂದಿರು ಪಾಲಾಗುವ ದಿನ ಹೊಲಕ್ಕೂ ಬಂಗಾರಕ್ಕೂ ವಾದ ನಡೆಯುತ್ತದೆ. ಸಂದೂಕವನ್ನು ಮಾತ್ರ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಬಹು ಉದಾರವಾಗಿ ಬಿಟ್ಟುಕೊಡುತ್ತಾನೆ!

ಕಾರಣವು ಗೂಢವಾದುದಲ್ಲ. ಇವು ಕೂಡುಕುಟುಂಬದ ಅಳತೆಗೆ ಹುಟ್ಟಿದ ವಸ್ತುಗಳು. ಜಮಖಾನೆ, ಹಿತ್ತಾಳೆಯ ಪಾತ್ರೆ, ಮದುವೆಯ ಸೀರೆ, ಹೊಲದ ಕಾಗದಪತ್ರ, ಎಲ್ಲವೂ ಒಂದೇ ಸಂದೂಕದ ಹೊಟ್ಟೆ ಸೇರುತ್ತಿದ್ದವು. ಕೆಲವನ್ನಂತೂ ಬಡಗಿಯು ಕೋಣೆಯಲ್ಲಿಯೇ ಕುಳಿತು ಜೋಡಿಸಿದ್ದರಿಂದ ಅವು ಇಡಿಯಾಗಿ ಹೊಸ್ತಿಲು ದಾಟಿದ್ದೇ ಇಲ್ಲ. ಹುಬ್ಬಳ್ಳಿ, ಬೆಂಗಳೂರುಗಳ ಮಹಡಿಮನೆಗಳ ಮೆಟ್ಟಿಲಿನ ತಿರುವು ಅವುಗಳಿಗೆ ಸಾಲದು. 1923ರಲ್ಲಿ ಗೋದ್ರೆಜ್ ಸಂಸ್ಥೆಯು ಉಕ್ಕಿನ ಕಪಾಟುಗಳನ್ನು ತಯಾರಿಸತೊಡಗಿತು. ಗೆದ್ದಲಿನ ಭಯವಿಲ್ಲದ ಆ ಕಪಾಟು ಮದುವೆಯ ಬಳುವಳಿಯಲ್ಲಿ ಸಂದೂಕದ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆದರೆ ಅಡತಿ ಅಂಗಡಿಯ ಗಾದಿಯ ಮುಂದೆ ಕೀರ್ದಿ ಬರೆಯಲು ಇಡುತ್ತಿದ್ದ ಇಳಿಜಾರು ಮುಚ್ಚಳದ ಪೆಟ್ಟಿಗೆಗೆ ಗಣಕಯಂತ್ರವು ಬಂದಲ್ಲಿ ಕೆಲಸವುಳಿಯಲಿಲ್ಲ.

ಇದು ನಮ್ಮ ಸೀಮೆಗಷ್ಟೇ ಬಂದ ಅವಸ್ಥೆಯಲ್ಲ. ಇಂಗ್ಲೆಂಡಿನಲ್ಲಿಯೂ 2000ದ ಬಳಿಕ ವಿಕ್ಟೋರಿಯಾ ರಾಣಿಯ ಕಾಲದ ಕಂದುಬಣ್ಣದ ಭಾರಿ ಪೀಠೋಪಕರಣಗಳ ಬೆಲೆಯು ಬಹಳವಾಗಿ ಕುಸಿಯಿತು. ಆದರೆ ಇಲ್ಲಿಯ ದುರವಸ್ಥೆ ಬೇರೆ ಬಗೆಯದು. ಹಳೆಯ ಸಾಗವಾನಿಯ ಹಲಗೆಗೆ ಬೆಲೆಯುಂಟು, ಸಂದೂಕಕ್ಕಿಲ್ಲ. ಕೊಂಡವನು ಅದನ್ನು ಗರಗಸಕ್ಕೊಡ್ಡಿ ಬಾಗಿಲಿನ ಚೌಕಟ್ಟನ್ನೋ ಮೇಜನ್ನೋ ಮಾಡಿಸುತ್ತಾನೆ. ಕೆತ್ತನೆಯ ಕಂಬ, ಬಾಗಿಲುಗಳಾದರೆ ಯಾವುದೋ ಪ್ರವಾಸಿಗೃಹದ ಶೃಂಗಾರಕ್ಕೆ, ಊರುಹೆಸರಿಲ್ಲದ ಅನಾಥರಂತೆ ಹೊರಡುತ್ತವೆ.

ಹಾಗಾದರೆ ಉಳಿಸುವ ಬಗೆ ಇಲ್ಲವೆ? ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ಕುಕನೂರಿನ ಕಮಲ ಮಹಲು ಇಂದು ಅಲ್ಲಿದೆ. ಮನೆಯನ್ನೇ ಬಿಚ್ಚಬಹುದಾದರೆ ಸಂದೂಕವೇನು ಮಹಾ? ಕಿಂಡಿಗೆ ನಾಲಗೆ ಕೂಡಿಸಿ ಮರದ ಬೆಣೆ ಬಡಿದ ಕೆಲಸವಾದರೆ, ಬೆಣೆ ಕಿತ್ತು, ಹಲಗೆಗಳಿಗೆ ಗುರುತು ಹಾಕಿ ಬೇರೆಡೆ ಜೋಡಿಸಬಲ್ಲ ಬಡಗಿಯನ್ನು ಗರಗಸದವನಿಗಿಂತ ಮೊದಲು ಕರೆಸಿರಿ. ಮಾರುವುದೇ ನಿಶ್ಚಯವಾದರೆ ಊರು, ಮನೆತನ, ತಿಳಿದಷ್ಟು ಕಾಲ, ಇವನ್ನು ಬರೆದು ಮುಚ್ಚಳದ ಒಳಮೈಗೆ ಅಂಟಿಸಿರಿ. ಹಲಗೆಯೆಂದಲ್ಲದೆ ಸಂದೂಕವೆಂದು ಕೊಳ್ಳುವವನು ನಾಲ್ಕು ಕಾಸು ಹೆಚ್ಚಾಗಿಯೇ ಕೊಟ್ಟಾನು.