ಮಿಷನ್ ಬಂಗಲೆಯ ಬಾಣಂತಿಯರು



ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಯಾವ ಊರಿನ ಇತಿಹಾಸ ಬರೆಯಲು ಕೂತರೂ ಮೊದಲು ಬಿಚ್ಚಬೇಕಾದ ಪುಸ್ತಕ ಒಂದಿದೆ. ಅದು ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ. 1901ರಲ್ಲಿ ಅಚ್ಚಾದ ಆ ಸಂಪುಟದಲ್ಲಿ ಅಂದಿನ ಕಡೂರು ಜಿಲ್ಲೆಯ ಶಾಸನಗಳಿವೆ. ಆಗ ಜಿಲ್ಲಾ ಕಚೇರಿ ಇದ್ದದ್ದು ಚಿಕ್ಕಮಗಳೂರಿನಲ್ಲಿ, ಹೆಸರು ಮಾತ್ರ ಕಡೂರಿನದು. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಅಮೃತಾಪುರದ ಅಮೃತೇಶ್ವರ ದೇವಾಲಯದ ಶಾಸನ, ವೀರಬಲ್ಲಾಳನ ಕಾಲದ್ದು, ಕವಿ ಜನ್ನನ ರಚನೆಯೆಂದು ವಿದ್ವಾಂಸರು ಹೇಳುವಂಥದ್ದು, ಹೊರಗಿನ ಲೋಕಕ್ಕೆ ಓದಲು ಸಿಕ್ಕಿದ್ದು ಈ ಸಂಪುಟದಿಂದಲೇ.

ಸಂಪುಟದ ಸಂಪಾದಕರು ಬಿ. ಎಲ್. ರೈಸ್. ಅವರು ಹುಟ್ಟಿದ್ದು 1837ರ ಜುಲೈ ತಿಂಗಳಲ್ಲಿ, ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಅವರು ಹೆಂಡತಿಯೊಡನೆ ಬೆಂಗಳೂರು ಸೇರಿದ್ದು ಅದೇ 1837ರ ಮೊದಲಲ್ಲಿ. ಆ ಕಾಲದ ಹಾಯಿಹಡಗು ಆಫ್ರಿಕದ ತುದಿಯನ್ನು ಬಳಸಿಕೊಂಡು ಬರಬೇಕಿತ್ತು, ನಾಲ್ಕು ತಿಂಗಳು ಹಿಡಿಯುತ್ತಿತ್ತು. ಬೆರಳು ಮಡಿಚಿ ಎಣಿಸಿ ನೋಡಿ. ಆ ತಾಯಿ ಬಸುರಿಯಾಗಿದ್ದಾಗಲೇ ಸಮುದ್ರದ ಮೇಲಿದ್ದರು. ನಮ್ಮ ಕಲ್ಲುಗಳನ್ನು ಓದಿದ ಮನುಷ್ಯ ಹೊಟ್ಟೆಯಲ್ಲಿರುವಾಗಲೇ ಕಡಲು ದಾಟಿದವರು. ಮಗನ ಹೆಸರು ಶಾಸನ ಓದುವವರಿಗೆಲ್ಲ ಗೊತ್ತು, ತಂದೆಯ ಹೆಸರು ಮಿಷನ್ನಿನ ಚರಿತ್ರೆಯಲ್ಲಿದೆ, ತಾಯಿಯನ್ನು ಹೆಚ್ಚಿನ ಪುಸ್ತಕಗಳು ‘ಶ್ರೀಮತಿ ರೈಸ್’ ಎಂದು ಹೇಳಿ ಮುಂದೆ ಹೋಗಿಬಿಡುತ್ತವೆ. ನಾನು ಇವತ್ತು ಮಾತಾಡಬೇಕೆಂದಿರುವುದು ಆ ತಾಯಿಯ ಬಗ್ಗೆ, ಅವರಂಥ ತಾಯಂದಿರ ಬಗ್ಗೆ.

ಕನ್ನಡ ನಾಡಿಗೆ ಬಂದ ಪಾದ್ರಿಗಳೆಲ್ಲ ಸಂಸಾರಸ್ಥರಲ್ಲ. ಕ್ಯಾಥೊಲಿಕ್ ಗುರುಗಳು ಬ್ರಹ್ಮಚಾರಿಗಳು. ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದು 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದ ಅಬ್ಬೆ ದುಬೋಯಿಸರಿಗೆ ತೊಟ್ಟಿಲಿನ ಚಿಂತೆ ಇರಲಿಲ್ಲ. ಪ್ರಾಟೆಸ್ಟೆಂಟ್ ಮಿಷನ್ನುಗಳ ದಾರಿ ಬೇರೆ. ಅಲ್ಲಿ ಪಾದ್ರಿಯ ಮನೆಯೇ ಉಪದೇಶದ ಒಂದು ಭಾಗ. ಗಂಡ ಹೆಂಡತಿ ಮಕ್ಕಳು ಹೇಗೆ ಬಾಳುತ್ತಾರೆಂದು ಊರವರು ಕಣ್ಣಾರೆ ನೋಡಬೇಕು ಎಂಬುದು ಅವರ ನಂಬಿಕೆ. ಆ ನಂಬಿಕೆಯ ಭಾರ ಬಿದ್ದದ್ದು ಹೆಂಗಸಿನ ಮೈಮೇಲೆ.

ಬಂಗಾಳದ ಸಿರಾಂಪುರದ ವಿಲಿಯಂ ಕೇರಿಯ ಹೆಸರು ಕೇಳಿರುತ್ತೀರಿ. ಕನ್ನಡಕ್ಕೂ ಅವರ ಋಣವಿದೆ, 1817ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಅವರು ಭಾರತಕ್ಕೆ ಹೊರಡುತ್ತೇನೆಂದಾಗ ಹೆಂಡತಿ ಡೊರೊತಿ ತುಂಬು ಬಸುರಿ, ಬರಲಾರೆ ಎಂದರು. ಹಡಗು ಹೊರಡುವುದು ತಡವಾಯಿತು, ಅಷ್ಟರಲ್ಲಿ ಹೆರಿಗೆಯೂ ಆಯಿತು. 1793ರ ಜೂನಿನಲ್ಲಿ ಆಕೆ ಹಸುಗೂಸನ್ನು ಎತ್ತಿಕೊಂಡು, ತಂಗಿಯನ್ನು ಜೊತೆಗೆ ಕರೆದುಕೊಂಡು ಹಡಗು ಹತ್ತಿದರು. ಮರುವರ್ಷವೇ ಐದು ವರ್ಷದ ಮಗನೊಬ್ಬ ಭೇದಿಯಿಂದ ತೀರಿಕೊಂಡ. ಡೊರೊತಿಯ ಮನಸ್ಸು ಆಮೇಲೆ ನೆಟ್ಟಗಾಗಲಿಲ್ಲ, 1807ರಲ್ಲಿ ಸಾಯುವವರೆಗೂ ಹಾಗೆಯೇ ಇದ್ದರು. ಕೇರಿಯ ವ್ಯಾಕರಣವನ್ನು ಕೈಗೆತ್ತಿಕೊಂಡಾಗಲೆಲ್ಲ ಆ ಮನೆಯ ಇನ್ನೊಂದು ಕೋಣೆ ನನಗೆ ನೆನಪಾಗುತ್ತದೆ.

ಈಗ ಮಂಗಳೂರಿಗೆ ಬರೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅಲ್ಲಿ ಕೆಲಸ ಆರಂಭಿಸಿದ್ದು 1834ರಲ್ಲಿ. ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ. ಇವರ ಶಿಸ್ತು ಬಿಗಿಯಾದದ್ದು. ಯುವಕ ಬ್ರಹ್ಮಚಾರಿಯಾಗಿಯೇ ಬರಬೇಕು, ಭಾಷೆ ಕಲಿಯಬೇಕು, ಕೆಲವು ವರ್ಷ ದುಡಿದಮೇಲೆ ಮದುವೆಗೆ ಅಪ್ಪಣೆ ಕೇಳಬೇಕು. ಬಾಸೆಲಿನ ಸಮಿತಿ ಒಪ್ಪಿದರೆ ಅಲ್ಲಿಂದಲೇ ಹೆಣ್ಣು ಹುಡುಕಿ ಹಡಗು ಹತ್ತಿಸುತ್ತಿದ್ದರು. ಎಷ್ಟೋ ಹುಡುಗಿಯರು ಗಂಡನ ಮುಖವನ್ನು ಮೊದಲು ಕಂಡದ್ದು ಬಂದರಿನಲ್ಲಿ. ಕೆಲವು ದಿನಗಳಲ್ಲಿ ಮದುವೆ, ವರ್ಷ ಕಳೆಯುವಷ್ಟರಲ್ಲಿ ಮೊದಲ ಬಸುರು.

ನಮ್ಮಲ್ಲಿ ಮೊದಲ ಹೆರಿಗೆಗೆ ಹೆಣ್ಣುಮಗಳನ್ನು ತವರಿಗೆ ಕರೆತರುತ್ತೇವೆ. ಸೀಮಂತ ಮಾಡಿ, ಬಯಕೆ ತೀರಿಸಿ, ಹೆತ್ತಮೇಲೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಮೂರೋ ಐದೋ ತಿಂಗಳು ಕಾಲಿಗೆ ಮಣ್ಣು ಸೋಕದಂತೆ ನೋಡಿಕೊಳ್ಳುತ್ತೇವೆ. ತಾಯಿ ಇಲ್ಲದವಳಿಗೆ ಅತ್ತಿಗೆಯೋ ದೊಡ್ಡಮ್ಮನೋ ಬಾಣಂತನ ಮಾಡುತ್ತಾರೆ. ಜರ್ಮನಿಯ ವುರ್ಟೆಂಬರ್ಗಿನ ಹಳ್ಳಿಯಿಂದ ಬಂದ ಇಪ್ಪತ್ತೆರಡರ ಹುಡುಗಿಗೆ ಇದರಲ್ಲಿ ಯಾವುದು ಇತ್ತು? ನಾನು ಬಸುರಿ ಎಂದು ಅವ್ವನಿಗೆ ಬರೆದ ಕಾಗದ ಊರು ಮುಟ್ಟಿ ಉತ್ತರ ಬರುವಷ್ಟರಲ್ಲಿ ಮಗು ಹುಟ್ಟಿರುತ್ತಿತ್ತು, ಕೆಲವೊಮ್ಮೆ ಮಣ್ಣಾಗಿಯೂ ಇರುತ್ತಿತ್ತು. 1840ರ ದಶಕದಲ್ಲಿ ಈಜಿಪ್ಟಿನ ನೆಲದಾರಿ ಬಳಕೆಗೆ ಬಂದು, 1869ರಲ್ಲಿ ಸೂಯೆಜ್ ಕಾಲುವೆ ತೆರೆದಮೇಲೆ ಅಂಚೆಯ ಕಾಲ ವಾರಗಳಿಗೆ ಇಳಿಯಿತು. ಅದಕ್ಕೆ ಮೊದಲು ಬಂದವರ ಪಾಡು ನೆನೆಸಿಕೊಂಡರೆ ಸಂಕಟವಾಗುತ್ತದೆ.

ಹತ್ತಿರ ಇರುತ್ತಿದ್ದವರು ಯಾರು? ಇನ್ನೊಬ್ಬ ಪಾದ್ರಿಯ ಹೆಂಡತಿ, ಮನೆಯ ಆಯಾ, ಊರಿನ ಸೂಲಗಿತ್ತಿ. ಬೆಂಗಳೂರಿನಂಥ ದಂಡಿನ ಊರಾದರೆ ಸೈನ್ಯದ ಡಾಕ್ಟರೂ ಸಿಗುತ್ತಿದ್ದ. ಇನ್ನೊಂದು ಪ್ರಾಟೆಸ್ಟೆಂಟ್ ಸಂಸ್ಥೆಯಾದ ವೆಸ್ಲಿಯನ್ ಮಿಷನ್ ಶಿವಮೊಗ್ಗ, ಚಿಕ್ಕಮಗಳೂರು, ಹಾಸನದಲ್ಲಿ ನೆಲೆ ಮಾಡಿಕೊಂಡಮೇಲೆ ನಮ್ಮ ಸೀಮೆಯ ದಾರಿಗಳು ಇಂಥ ಸಂಸಾರಗಳ ದಾರಿಗಳಾದವು. ಈ ದಾರಿಗಳ ಗುಣ ನಿಮಗೆ ಗೊತ್ತು. ಕಡೂರು ಒಣ ಬಯಲು, ಅಜ್ಜಂಪುರದ ಸುತ್ತ ಅಮೃತಮಹಲ್ ಕಾವಲುಗಳು, ತರೀಕೆರೆ ದಾಟಿ ಲಕ್ಕವಳ್ಳಿಯ ಕಡೆ ತಿರುಗಿದರೆ ದಟ್ಟ ಕಾಡು. ಬೆಂಗಳೂರು–ಹರಿಹರ ರೈಲು ಕಡೂರು, ಬೀರೂರು, ಅಜ್ಜಂಪುರದ ಮೇಲೆ ಓಡಿದ್ದು 1889ರಲ್ಲಿ. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹಳಿ ಬಿದ್ದದ್ದು ಆ ಶತಮಾನದ ಕೊನೆಗೆ. ಅದಕ್ಕೆ ಮುಂಚೆ ಬಸುರಿಗೂ ಎತ್ತಿನಗಾಡಿಯೇ ಗತಿ.

ಗಾಡಿಯ ಕುಲುಕಾಟಕ್ಕಿಂತ ದೊಡ್ಡ ಭಯ ಚಳಿಜ್ವರ. ಮಲೆನಾಡಿನ ಈ ಅಂಚಿನಲ್ಲಿ ಮಲೇರಿಯಾ ಊರಿಗೆ ಊರನ್ನೇ ಬರಿದು ಮಾಡಿದ್ದನ್ನು ನಮ್ಮ ಅಜ್ಜಂದಿರು ಕಂಡಿದ್ದರು. ಸೊಳ್ಳೆಯಿಂದ ಹರಡುತ್ತದೆಂದು ರೊನಾಲ್ಡ್ ರಾಸ್ ಕಂಡುಕೊಂಡದ್ದು 1897ರಲ್ಲಿ. ಅಲ್ಲಿಯವರೆಗೆ ಕೆಟ್ಟ ಗಾಳಿಯೆಂದೇ ನಂಬಿ ಬಂಗಲೆಗಳನ್ನು ದಿಬ್ಬದ ಮೇಲೆ ಕಟ್ಟುತ್ತಿದ್ದರು. ವೈದ್ಯರು ಇಂದು ಹೇಳುವುದನ್ನು ಕೇಳಿದರೆ ಆ ಹೆಂಗಸರ ಸಾವುಗಳ ಅರ್ಥ ತಿಳಿಯುತ್ತದೆ. ಚಿಕ್ಕಂದಿನಿಂದ ಈ ಜ್ವರದ ಪರಿಚಯವಿಲ್ಲದ ಮೈಗೆ ಅದು ತಗುಲಿದರೆ ತೀವ್ರವಾಗುತ್ತದೆ. ಬಸುರಿಗೆ ತಗುಲಿದರೆ ಇನ್ನೂ ಹೆಚ್ಚು, ಚೊಚ್ಚಲ ಬಸುರಿಗೆ ಅದಕ್ಕಿಂತಲೂ ಹೆಚ್ಚು. ರಕ್ತ ಕಡಿಮೆಯಾಗುತ್ತದೆ, ಗರ್ಭ ಇಳಿಯುತ್ತದೆ, ಹುಟ್ಟಿದ ಕೂಸು ಬಡಕಲಾಗಿರುತ್ತದೆ. ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ತೆರೆಯುವ ಹೊತ್ತಿಗೆ ಈ ಕಥೆಯ ಮೊದಲ ನೂರು ವರ್ಷ ಮುಗಿಯುತ್ತ ಬಂದಿತ್ತು.

ಬಾಸೆಲ್ ಮಿಷನ್ನಿನ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದು ಎಲ್ಲರಿಗೂ ಗೊತ್ತು. ಅವರ ಮನೆಯ ವಿಷಯ ಕಡಿಮೆ ಜನಕ್ಕೆ ಗೊತ್ತು. 1860ರಲ್ಲಿ ಪೌಲೀನ ಐತ್ ಅವರ ಕೈಹಿಡಿದರು. ನಾಲ್ಕೇ ವರ್ಷ, 1864ರಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿಯ ಜೊತೆ ಕಿಟ್ಟೆಲರ ಎರಡನೆಯ ಮದುವೆಯಾಯಿತು. ಅಕ್ಕ ಹೋದ ಮನೆಗೆ ತಂಗಿ ಬರುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಆ ತಂಗಿಯ ಧೈರ್ಯವನ್ನು ನಾನು ಗೌರವಿಸುತ್ತೇನೆ. ಎಂಥ ಬಾಳಿಗೆ ಹೋಗುತ್ತಿದ್ದೇನೆಂದು ತಿಳಿದೇ ಹೆಜ್ಜೆ ಇಟ್ಟವರು ಅವರು.

ಬದುಕಿ ಉಳಿದ ಮಕ್ಕಳ ಕಥೆ ಇನ್ನೂ ಕಷ್ಟದ್ದು. ಶಾಲೆಯ ವಯಸ್ಸಿಗೆ ಬಂದ ಕೂಡಲೇ ಅವರನ್ನು ಯುರೋಪಿಗೆ ಕಳಿಸಬೇಕೆಂಬುದು ಪದ್ಧತಿ. ಇಲ್ಲಿನ ಹವೆ ಆಗದು, ಇಲ್ಲಿನ ಸಹವಾಸ ಆಗದು, ಓದು ಹಾಳಾಗುತ್ತದೆ ಎಂಬ ಕಾರಣಗಳನ್ನು ಕೊಡುತ್ತಿದ್ದರು. ಬಾಸೆಲಿನಲ್ಲಿ 1850ರ ದಶಕದಲ್ಲಿ ಇದಕ್ಕೆಂದೇ ಮಕ್ಕಳ ಮನೆಯನ್ನು ತೆರೆದರು. ಆಯಾಳ ಬಾಯಿಂದ ಕನ್ನಡ, ತುಳು, ಮಲಯಾಳ ಕಲಿತ ಮಗು ಐದಾರು ವರ್ಷಕ್ಕೆ ಹಡಗು ಹತ್ತಿದರೆ ತಾಯಿಯ ಮುಖ ಮತ್ತೆ ನೋಡುವುದು ಎಷ್ಟೋ ವರ್ಷದ ಮೇಲೆ, ನೋಡಿದರೆ ನೋಡಿತು.

ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟರ ಮಗಳು ಮಾರೀ ಇದಕ್ಕೆ ಸಾಕ್ಷಿ. ಗುಂಡರ್ಟ್ ಮತ್ತು ಸ್ವಿಟ್ಜರ್ಲೆಂಡಿನ ಯೂಲಿ ದ್ಯುಬುವಾ 1838ರಲ್ಲಿ ಮದುವೆಯಾಗಿ ಮಂಗಳೂರಿಗೆ ಬಂದರು, ಮರುವರ್ಷ ತಲಚೇರಿಗೆ ಹೋದರು. ಮಾರೀ ಅಲ್ಲಿ 1842ರಲ್ಲಿ ಹುಟ್ಟಿದಳು. ನಾಲ್ಕೈದು ವರ್ಷದ ಕೂಸನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಹಿಂದಿರುಗಿದರು. 1857ರಲ್ಲಿ ಮಾರೀ ಮತ್ತೆ ಅವರ ಬಳಿ ಸೇರುವಾಗ ಹದಿನೈದರ ಹುಡುಗಿ. ಮುಂದೆ ಆಕೆ ಮಿಷನರಿ ಇಸೆನ್‌ಬರ್ಗರನ್ನು ಮದುವೆಯಾಗಿ, ವಿಧವೆಯಾಗಿ, ಮಂಗಳೂರಿನಲ್ಲಿ ಕೆಲಸಮಾಡಿ ಆರೋಗ್ಯ ಕೆಟ್ಟು ಊರಿಗೆ ಮರಳಿದ್ದ ಯೊಹಾನೆಸ್ ಹೆಸ್ಸೆಯನ್ನು 1874ರಲ್ಲಿ ಕೈಹಿಡಿದರು. ಅವರ ಮಗನೇ ‘ಸಿದ್ಧಾರ್ಥ’ ಕಾದಂಬರಿ ಬರೆದ ಹರ್ಮನ್ ಹೆಸ್ಸೆ.

ಮಕ್ಕಳನ್ನು ಹೀಗೆ ಕಳಿಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಆ ಕಾಲದ ನಂಬಿಕೆ, ಆ ಕಾಲದ ಕಾಯಿಲೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ತಪ್ಪೇ. ಪಕ್ಕದ ಓಣಿಯಲ್ಲಿ ಅದೇ ವಯಸ್ಸಿನ ನೂರಾರು ಮಕ್ಕಳು ಅದೇ ಹವೆಯಲ್ಲಿ ಬೆಳೆಯುತ್ತಿದ್ದರು. ಆ ಮಕ್ಕಳಿಗೆ ಪಾಠ ಹೇಳುತ್ತಿದ್ದವರು, ತಮ್ಮ ಮಕ್ಕಳನ್ನು ಹಡಗು ಹತ್ತಿಸಿ ಬಂದ ಇದೇ ತಾಯಂದಿರು. 1840ರ ದಶಕದ ಮೊದಲಲ್ಲಿ ಬೆಂಗಳೂರಿನ ಪೇಟೆಯ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು ಲಂಡನ್ ಮಿಷನ್ನಿನ ಶ್ರೀಮತಿ ಸೀವೆಲ್ ಮತ್ತು ನಾನು ಆಗಲೇ ಹೇಳಿದ ಶ್ರೀಮತಿ ರೈಸ್. ಆಗ ಶ್ರೀಮತಿ ರೈಸರ ಹಿರಿಮಗನಿಗೆ ಇನ್ನೂ ಶಾಲೆಯ ವಯಸ್ಸು. ಇವರಿಗೆ ಸಂಬಳವಿರಲಿಲ್ಲ. ಮಿಷನ್ನಿನ ಪಟ್ಟಿಯಲ್ಲಿ ಗಂಡನ ಹೆಸರೇ ಇರುತ್ತಿತ್ತು.

ಆ ಹಿರಿಮಗ, ಬಿ. ಎಲ್. ರೈಸ್, ಇಂಗ್ಲೆಂಡಿಗೆ ಓದಲು ಹೋದವರು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಮರಳಿದರು. ಆಮೇಲೆ ಶಾಲಾ ಇನ್ಸ್‌ಪೆಕ್ಟರ್. ಹಳ್ಳಿಯಿಂದ ಹಳ್ಳಿಗೆ ಕುದುರೆಯ ಮೇಲೆ ತಿರುಗುವಾಗ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಶಾಸನಗಳು ಕಣ್ಣಿಗೆ ಬಿದ್ದವು. ಹನ್ನೆರಡು ಸಂಪುಟ, ಸುಮಾರು 9000 ಶಾಸನ. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಅದೇ ಮನೆಯ ಇನ್ನೊಬ್ಬ ಮಗ ಇ. ಪಿ. ರೈಸ್ ತಂದೆಯಂತೆ ಪಾದ್ರಿಯಾಗಿ, ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. ಇವರಿಗೆ ಕನ್ನಡ ಮೊದಲು ಕಿವಿಗೆ ಬಿದ್ದದ್ದು ಎಲ್ಲಿ? ವ್ಯಾಕರಣದ ಪುಸ್ತಕದಲ್ಲಿ ಅಲ್ಲ, ಆಡಿಸುವವರ ಮಡಿಲಲ್ಲಿ ಎಂದು ನಾನು ನಂಬಿದ್ದೇನೆ. ಇವರನ್ನು ಎತ್ತಿ ಆಡಿಸಿದ ನಮ್ಮ ಹೆಂಗಸರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಎದುರು ದಿಕ್ಕಿನ ಸಂಸಾರವೂ ಒಂದಿದೆ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾಗಿ, ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ಬಂದವರು. 1860ರಲ್ಲಿ ಜರ್ಮನಿಯ ಮಾರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಉಳಿದ ಮಿಷನರಿ ಹೆಂಗಸರಿಗೆ ಈ ನಾಡು ಕೆಲಸದ ಸ್ಥಳ, ಮಾರೀಯವರಿಗೆ ಅತ್ತೆಮನೆ. ಅವರ ಮಕ್ಕಳ ಊರು ಯಾವುದೆಂಬ ಪ್ರಶ್ನೆಗೆ ಯಾವ ಸಮಿತಿಯಲ್ಲೂ ಸಿದ್ಧ ಉತ್ತರವಿರಲಿಲ್ಲ.

ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಂತೆ ಮದುವೆಯಾಗದ ಹೆಂಗಸರು ಡಾಕ್ಟರರಾಗಿ, ನರ್ಸುಗಳಾಗಿ ಬರತೊಡಗಿದರು. ಮದುವೆಯಾದರೆ ಇವರು ಕೆಲಸ ಬಿಡಬೇಕಿತ್ತು. ತಾವು ಹೆರದೆ ಸಾವಿರಾರು ಜನರ ಹೆರಿಗೆ ಮಾಡಿಸಿದವರು ಇವರು. ವೆಲ್ಲೂರಿನ ಇಡಾ ಸ್ಕಡ್ಡರ್ ಇಂಥವರಲ್ಲಿ ದೊಡ್ಡ ಹೆಸರು. ಆಕೆಯೂ ಮಿಷನರಿ ಮನೆಯ ಮಗಳು, ಹುಟ್ಟಿದ್ದು ರಾಣಿಪೇಟೆಯಲ್ಲಿ. ಗಂಡಸು ಡಾಕ್ಟರನನ್ನು ಹತ್ತಿರ ಬಿಟ್ಟುಕೊಳ್ಳದ ಮನೆಗಳಲ್ಲಿ ಒಂದೇ ರಾತ್ರಿ ಮೂವರು ಬಸುರಿಯರು ಸತ್ತದ್ದನ್ನು ಕಂಡು ವೈದ್ಯೆಯಾಗುವ ನಿರ್ಧಾರ ಮಾಡಿದವರು. ನಮ್ಮ ಕಡೆ 1906ರಲ್ಲಿ ಮೈಸೂರಿನಲ್ಲಿ ವೆಸ್ಲಿಯನ್ನರ ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಬಂತು, ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ ಬಂತು. ಜನರ ಬಾಯಲ್ಲಿ ಎರಡೂ ‘ಮಿಷನ್ ಆಸ್ಪತ್ರೆ’. ಮಿಷನರಿ ಹೆಂಡತಿ, ಕೂಲಿಯ ಹೆಂಗಸು ಇಬ್ಬರೂ ಒಂದೇ ವಾರ್ಡಿನಲ್ಲಿ ಹೆರುವ ಕಾಲ ಹೀಗೆ ಹತ್ತಿರವಾಯಿತು.

ಸೂಲಗಿತ್ತಿಯರನ್ನು ಆ ಕಾಲದ ವರದಿಗಳು ಬಹುಮಟ್ಟಿಗೆ ಬೈದೇ ಬರೆದಿವೆ. ಕೊಳಕು ಕೈ, ತುಕ್ಕು ಕುಡುಗೋಲು ಎಂದು. ಅದರಲ್ಲಿ ನಿಜವೂ ಇತ್ತು, ನಂಜಿನಿಂದ ಸತ್ತವರು ಲೆಕ್ಕವಿಲ್ಲ. ಕೈ ತೊಳೆಯದೆ ಹೆರಿಗೆ ಮಾಡಿಸಿ ನಂಜು ಹರಡಿದ ಡಾಕ್ಟರರು ಯುರೋಪಿನ ಆಸ್ಪತ್ರೆಗಳಲ್ಲೂ ಇದ್ದರು. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ 1847ರಲ್ಲಿ ಅದನ್ನು ತೋರಿಸಿಕೊಟ್ಟರೂ ಬಹುಕಾಲ ಯಾರೂ ಕಿವಿಗೊಡಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಆ ಹಳೆಯ ಬೈಗುಳಕ್ಕೆ ತಡವಾಗಿಯಾದರೂ ಒಂದು ಉತ್ತರ ಸಿಕ್ಕಿತು.

ಈ ಚರಿತ್ರೆಯ ಮುಖ್ಯ ದಾಖಲೆಗಳು ಬಾಸೆಲ್, ಲಂಡನ್ನಿನ ಸಂಗ್ರಹಗಳಲ್ಲಿವೆ. ಅಲ್ಲಿ ಸಿಗದ ಅರ್ಧ ನಮ್ಮ ಕಡೆಯೇ ಇರಬೇಕು: ಹಳೆಯ ಚರ್ಚುಗಳ ದೀಕ್ಷಾಸ್ನಾನದ ಮತ್ತು ಮಣ್ಣು ಮಾಡಿದ ರಿಜಿಸ್ಟರುಗಳಲ್ಲಿ, ಅಕ್ಷರ ಅಳಿಸುತ್ತಿರುವ ಗೋರಿಕಲ್ಲುಗಳಲ್ಲಿ, ಮಿಷನ್ ಮನೆಗಳಲ್ಲಿ ಮಕ್ಕಳನ್ನು ಸಾಕಿದವರ ಮನೆತನಗಳ ಮಾತಿನಲ್ಲಿ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಡೆ ನಿಮ್ಮ ಮುತ್ತಜ್ಜಿ ದೊರೆಸಾನಿಯ ಬಾಣಂತನ ಮಾಡಿದ್ದರೆಂಬ ಮಾತು ಮನೆಯಲ್ಲಿದ್ದರೆ, ದಯವಿಟ್ಟು ಮುತ್ತಜ್ಜಿಯ ಹೆಸರಿನೊಂದಿಗೆ ಬರೆದಿಡಿ.