ಮೊದಲು ಅಟ್ರೋಪಿನ್, ಆಮೇಲೆ ಅಂಬ್ಯುಲೆನ್ಸ್



ಹಿರಿಯ ವೈದ್ಯರೊಬ್ಬರ ಹೆಸರಿನ ಈ ದತ್ತಿಯಲ್ಲಿ ಮಾತನಾಡಲು ಕರೆದದ್ದು ನನ್ನ ಭಾಗ್ಯ. ‘ತುರ್ತು ಚಿಕಿತ್ಸೆಯ ಔಷಧಗಳು’ ಎಂದು ಆಮಂತ್ರಣದಲ್ಲಿದೆ. ಅವುಗಳ ವರ್ಗ, ಪ್ರಮಾಣ ಯಾವ ಕೈಪಿಡಿಯಲ್ಲೂ ಸಿಗುತ್ತವೆ. ಹೃದಯ ನಿಂತಾಗ ಅಡ್ರಿನಾಲಿನ್ 1 ಮಿ.ಗ್ರಾಂ ರಕ್ತನಾಳಕ್ಕೆ, 3ರಿಂದ 5 ನಿಮಿಷಕ್ಕೊಮ್ಮೆ. ದೊಡ್ಡವರಿಗೆ ತೀವ್ರ ಅಲರ್ಜಿಯಾದರೆ 0.5 ಮಿ.ಗ್ರಾಂ ತೊಡೆಯ ಸ್ನಾಯುವಿಗೆ. ಇದು ನಿಮಗೆ ಬಾಯಿಪಾಠ. ಕಬ್ಬು, ಗೋವಿನಜೋಳದ ಈ ಸೀಮೆಯ ಕ್ಯಾಶುವಾಲ್ಟಿಯಲ್ಲಿ ನಡುರಾತ್ರಿ ಕೇಳುವ ಮಾತು ಬೇರೆ: “ಸಾಹೇಬ್ರ, ಎಣ್ಣಿ ಕುಡದಾನ್ರಿ, ಲಗೂನ ನೋಡ್ರಿ.” ‘ಎಣ್ಣಿ’ ಎಂದರೆ ಇಲ್ಲಿ ಕೀಟನಾಶಕ. ಇವತ್ತಿನ ನನ್ನ ಮಾತೆಲ್ಲ ಅದರ ಮೇಲೆಯೇ.

ಆರ್ಗನೋಫಾಸ್ಫೇಟ್ ಕೀಟನಾಶಕ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ರೋಗಿ ತನ್ನ ಶ್ವಾಸಕೋಶದ ನೀರಿನಲ್ಲೇ ಮುಳುಗುತ್ತಾನೆ. ಆ ನೀರನ್ನು ಒಣಗಿಸುವುದು ಅಟ್ರೋಪಿನ್. ಕಿಣ್ವವನ್ನು ಬಿಡಿಸುವುದಾಗಿ ಹೇಳಿಕೊಳ್ಳುವುದು ಪ್ರಾಲಿಡಾಕ್ಸಿಮ್, ನಮ್ಮ ಮಾತಿನ ‘ಪ್ಯಾಮ್’. ಜಗಳ ಇರುವುದು ಈ ಎರಡನೆಯದರ ಬಗ್ಗೆ.

ಪ್ಯಾಮ್ ಪರ ಇರುವವರು ಬಾರಾಮತಿಯನ್ನು ಮುಂದಿಡುತ್ತಾರೆ. ನಮ್ಮಂತೆಯೇ ಕಬ್ಬಿನ ಊರು ಅದು. ಪವಾರ್ ಮತ್ತು ಸಂಗಡಿಗರು 200 ರೋಗಿಗಳ ಮೇಲೆ ನಡೆಸಿ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲರಿಗೂ ಮೊದಲು 2 ಗ್ರಾಂ ಕೊಟ್ಟರು. ಆಮೇಲೆ 48 ತಾಸು ಒಂದು ಗುಂಪಿಗೆ ತಾಸಿಗೆ 1 ಗ್ರಾಂ, ಇನ್ನೊಂದಕ್ಕೆ 4 ತಾಸಿಗೊಮ್ಮೆ 1 ಗ್ರಾಂ. ಸಾವು ಮೊದಲ ಗುಂಪಿನಲ್ಲಿ ಶೇ. 1, ಎರಡನೆಯದರಲ್ಲಿ ಶೇ. 8. ಎದುರು ಪಕ್ಷದವರ ಕೈಯಲ್ಲಿ ಶ್ರೀಲಂಕಾ ಇದೆ. 2009ರಲ್ಲಿ ಎಡಲ್‌ಸ್ಟನ್ ತಂಡ 235 ರೋಗಿಗಳಲ್ಲಿ ಪ್ಯಾಮ್ ಅನ್ನು ಬರೀ ಸಲೈನ್‌ಗೆ ಹೋಲಿಸಿತು. ಕಿಣ್ವ ಚೇತರಿಸಿಕೊಂಡಿತು, ರೋಗಿ ಚೇತರಿಸಿಕೊಳ್ಳಲಿಲ್ಲ: ಪ್ಯಾಮ್ ಪಡೆದವರಲ್ಲಿ ಶೇ. 24.8 ಸಾವು, ಪಡೆಯದವರಲ್ಲಿ ಶೇ. 15.8. ಈ ಅಂತರ ಆಕಸ್ಮಿಕವೂ ಇರಬಹುದು. ಆದರೆ ಲಾಭವಾಯಿತು ಎನ್ನಲು ಇದರಲ್ಲಿ ಏನೂ ಇಲ್ಲ.

ಬಾರಾಮತಿಯನ್ನು ಎತ್ತಿಹಿಡಿಯುವ ಮಿತ್ರರಿಗೆ ಒಂದೇ ಪ್ರಶ್ನೆ. ಬೇಗ ಬಂದ, ಒಳ್ಳೆಯ ಐಸಿಯು ಸಿಕ್ಕ ರೋಗಿಗಳ ಫಲಿತಾಂಶವನ್ನು ವೆಂಟಿಲೇಟರ್ ಇಲ್ಲದ ತಾಲ್ಲೂಕು ಆಸ್ಪತ್ರೆಗೆ ಹೇಗೆ ಹೊಂದಿಸುತ್ತೀರಿ? ಡೈಮಿಥೈಲ್ ಜಾತಿಯ ವಿಷಗಳಲ್ಲಿ, ಅಂದರೆ ಡೈಮಿಥೋಯೇಟ್, ಮೊನೊಕ್ರೊಟೊಫಾಸ್‌ಗಳಲ್ಲಿ, ಸುಮಾರು 3.7 ತಾಸಿಗೆ ಅರ್ಧ ಕಿಣ್ವ ಬಿಡಿಸಲಾಗದಂತೆ ಗಟ್ಟಿಯಾಗಿಬಿಡುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಡೈಈಥೈಲ್ ಆದರೆ ಸುಮಾರು 33 ತಾಸು. ಡಬ್ಬಿಯ ಹೆಸರನ್ನೇ ನೋಡದೆ ಎಲ್ಲರಿಗೂ ಪ್ಯಾಮ್ ಬರೆಯುವುದನ್ನು ಅಭ್ಯಾಸಬಲ ಎನ್ನಬಹುದು, ವಿಜ್ಞಾನ ಎನ್ನಲಾಗದು. ‘ಪ್ಯಾಮ್ ಬೇಡವೇ ಬೇಡ’ ಎನ್ನುವವರನ್ನೂ ನಾನು ಒಪ್ಪುವುದಿಲ್ಲ. ಡೈಈಥೈಲ್ ವಿಷ, ಬೇಗ ಬಂದ ರೋಗಿ: ಅಂಥಲ್ಲಿ ನಿಧಾನವಾಗಿ ಡ್ರಿಪ್‌ನಲ್ಲಿ ಕೊಟ್ಟು ನೋಡಲಿ. ಆದರೆ ಅಟ್ರೋಪಿನ್ ನಂತರವೇ.

ಈಗ ನನ್ನ ಮುಖ್ಯ ತಕರಾರು. ನಮ್ಮ ಅಟ್ರೋಪಿನ್ ಆಂಪೂಲ್‌ನಲ್ಲಿ ಇರುವುದು 0.6 ಮಿ.ಗ್ರಾಂ. ‘ಎರಡು ಆಂಪೂಲ್, 15 ನಿಮಿಷಕ್ಕೊಮ್ಮೆ’ ಎಂದು ಕೇಸ್ ಶೀಟ್‌ನಲ್ಲಿ ಬರೆದು ಕೂತರೆ 27 ಮಿ.ಗ್ರಾಂ ಮುಟ್ಟಲು ಐದೂವರೆ ತಾಸು ಬೇಕು. ಮೂರು ಆಂಪೂಲ್‌ನಿಂದ ಶುರುಮಾಡಿ, ಫಲ ಕಾಣದಿದ್ದರೆ 5 ನಿಮಿಷಕ್ಕೊಮ್ಮೆ ಇಮ್ಮಡಿ ಮಾಡಿ: 3, 6, 12, 24. ಹದಿನೈದೇ ನಿಮಿಷದಲ್ಲಿ 45 ಆಂಪೂಲ್, ಅದೇ 27 ಮಿ.ಗ್ರಾಂ. ಎಲ್ಲರಿಗೂ ಅಷ್ಟು ಬೇಕಾಗದು. ಎದೆ ತಿಳಿಯಾಯಿತೇ, ನಾಡಿ 80 ದಾಟಿತೇ, ರಕ್ತದೊತ್ತಡದ ಮೇಲಿನ ಅಂಕಿ 80 ದಾಟಿತೇ, ಕಂಕುಳು ಒಣಗಿತೇ ನೋಡಿ ನಿಲ್ಲಿಸಿ, ಆಮೇಲೆ ಡ್ರಿಪ್‌ಗೆ ಬದಲಾಯಿಸಿ. ಮೈ ಸುಡುತ್ತ, ಬಡಬಡಿಸತೊಡಗಿದರೆ ಹೆಚ್ಚಾಯಿತೆಂದು ತಿಳಿದು ಕಡಿಮೆ ಮಾಡಿ. ಬಾಂಗ್ಲಾದೇಶದಲ್ಲಿ ಅಬೇದಿನ್ ತಂಡ ಎರಡೂ ಕ್ರಮಗಳನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿತು: ಹಳೆಯ ಕ್ರಮದಲ್ಲಿ ಶೇ. 22.5 ಸಾವು, ಇಮ್ಮಡಿ ಮತ್ತು ಡ್ರಿಪ್ ಕ್ರಮದಲ್ಲಿ ಶೇ. 8.

‘ಮೊದಲು ಹೊಟ್ಟೆ ತೊಳೆಯೋಣ’ ಎಂಬ ಹಟವೂ ನಮ್ಮಲ್ಲಿದೆ. ಒದ್ದಾಡುವ ರೋಗಿಯನ್ನು ನಾಲ್ಕು ಜನ ಹಿಡಿದು ಮೂಗಿಗೆ ನಳಿಕೆ ತುರುಕುವ ಹೊತ್ತಿಗೆ ಎದೆ ತುಂಬಿರುತ್ತದೆ. ಆ ನಾಲ್ವರಲ್ಲಿ ಒಬ್ಬರು ಆಂಪೂಲ್ ಒಡೆಯಲಿ, ಒಬ್ಬರು ಸಿರಿಂಜ್‌ಗೆ ಎಳೆಯಲಿ, ಒಬ್ಬರು ಆಕ್ಸಿಜನ್ ನೋಡಲಿ.

ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯರ ಕಾಲದಲ್ಲಿ 108 ಇರಲಿಲ್ಲ. ಕೈಯಲ್ಲಿದ್ದುದರಲ್ಲೇ ಅವರು ರೋಗಿಯನ್ನು ಉಳಿಸಿಕೊಳ್ಳಬೇಕಿತ್ತು. ಅಂಬ್ಯುಲೆನ್ಸ್ ಬಂದ ಮೇಲೆ ನಮಗೆ ‘ಬೆಳಗಾವಿಗೆ ಒಯ್ಯಿರಿ’ ಎನ್ನುವುದು ಸಲೀಸಾಗಿದೆ. ಮೂಡಲಗಿಯಿಂದ ಬೆಳಗಾವಿಗೆ ಎಷ್ಟೇ ಬೇಗ ಹೊರಟರೂ ತಾಸಿನ ಮೇಲೆ ಹಿಡಿಯುತ್ತದೆ. ಎದೆ ಒಣಗಿಸದೆ ಕಳಿಸಿದ ರೋಗಿಗೆ ಆ ದಾರಿ ಬಹಳ ಉದ್ದ. ಸ್ನಾಯು ಸೋತಾಗ ವೆಂಟಿಲೇಟರ್ ಬೇಕು, ಅಟ್ರೋಪಿನ್ ಅಲ್ಲಿ ಕೆಲಸ ಮಾಡದು. ಆದ್ದರಿಂದ ಕಳಿಸುವುದು ಸರಿಯೇ, ಆದರೆ ಒಣಗಿಸಿ ಕಳಿಸಿ.

ಹಾಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ನಾನು ಕೇಳುವುದು ಇಷ್ಟೇ: ಕ್ಯಾಶುವಾಲ್ಟಿಯ ಟ್ರೇಯಲ್ಲಿ ಸದಾ ನೂರು ಆಂಪೂಲ್ ಅಟ್ರೋಪಿನ್ ಇರಲಿ, ರೆಫರ್ ಚೀಟಿಯಲ್ಲಿ ವಿಷದ ಹೆಸರು, ಕೊಟ್ಟ ಅಟ್ರೋಪಿನ್ ಎಷ್ಟು, ಎಷ್ಟು ಗಂಟೆಗೆ ಎಂದು ಬರೆದಿರಲಿ. ಪ್ಯಾಮ್ ಬಗ್ಗೆ ಆಮೇಲೆ ಬೇಕಾದಷ್ಟು ಜಗಳವಾಡೋಣ, ನಾನು ತಯಾರಿದ್ದೇನೆ.