‘ನಾಳೆ ಬಾ’ ಅಂತ ಬರೆದ್ರೂ ಓದದ ರಾಕ್ಷಸ

ದೊಡ್ಡಬಳ್ಳಾಪುರದಿಂದ ಮಾತಾಡ್ತಿದೀನಿ. ನಾನು ಓದಿದ್ದು ಬಿ.ಕಾಂ. ಆದ್ರೆ ಅಕೌಂಟ್ಸ್ ನೋಟ್‌ಬುಕ್‌ನ ಕೊನೆ ಪುಟಗಳಲ್ಲಿ ಲೆಕ್ಕಕ್ಕಿಂತ ರಾಕ್ಷಸರೇ ಜಾಸ್ತಿ ಇದ್ರು. ಇವತ್ತು ಅದೇ ವಿಷಯ: ಕಾಸ್ಮಿಕ್ ಹಾರರ್ ಚಿತ್ರಗಳಿಗೆ ರಾಕ್ಷಸರನ್ನ, ಪಾತ್ರಗಳನ್ನ ಸ್ಕೆಚ್ ಮಾಡೋದು.

ಮಾಮೂಲಿ ದೆವ್ವದ ಕಥೆಗೂ ಇದಕ್ಕೂ ಏನು ವ್ಯತ್ಯಾಸ? 1990ರ ದಶಕದಲ್ಲಿ ಬೆಂಗಳೂರಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ಆ ದೆವ್ವಕ್ಕೆ ಕನ್ನಡ ಓದೋಕೆ ಬರ್ತಿತ್ತು! ಓದಿ ವಾಪಸ್ ಹೋಗಿ, ಮಾರನೇ ದಿನ ಮತ್ತೆ ಬರ್ತಿತ್ತಂತೆ. ಅಂದ್ರೆ ಅದರ ಜೊತೆ ಒಂಥರಾ ವ್ಯವಹಾರ ಸಾಧ್ಯ ಇತ್ತು. ಕಾಸ್ಮಿಕ್ ಹಾರರ್‌ನಲ್ಲಿ ಅದೂ ಇಲ್ಲ. ಅಲ್ಲಿರೋ ಜೀವಿಯ ಕಣ್ಣಿಗೆ ನಿಮ್ಮ ಬಾಗಿಲೇ ಬೀಳಲ್ಲ. ನಡೀತಾ ಇರುವೆ ಸಾಲು ತುಳೀತೀವಿ, ನಮಗೇನು ಇರುವೆ ಮೇಲೆ ದ್ವೇಷನಾ?

ಈ ಪ್ರಕಾರಕ್ಕೆ ದೊಡ್ಡ ಹೆಸರು ಅಮೆರಿಕದ ಎಚ್.ಪಿ. ಲವ್‌ಕ್ರಾಫ್ಟ್. 1928ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂದ ಅವರ ಕಥೆಯ ಕ್ತುಲ್ಹು ಅಂದ್ರೆ ಆಕ್ಟೋಪಸ್, ಡ್ರ್ಯಾಗನ್, ಮನುಷ್ಯ ಮೂರೂ ಸೇರಿದ ಆಕಾರ. 1934ರಲ್ಲಿ ಅವರೇ ಅದರ ಸ್ಕೆಚ್ ಬಿಡಿಸಿದ್ರು. ಅದರಲ್ಲಿ ಅದು ಪೀಠದ ಮೇಲೆ ಸುಮ್ನೆ ಕೂತಿದೆ, ಯಾರ ಮೇಲೂ ಎಗರ್ತಿಲ್ಲ. ನಮ್ಮೋರು ಆ ಸುಮ್ನೆ ಕೂತಿರೋದನ್ನ ಬಿಟ್ಟು ಆಕ್ಟೋಪಸ್ ಕೈಗಳನ್ನ ಮಾತ್ರ ಕಾಪಿ ಹೊಡೀತಾರೆ. ಸಮುದ್ರವೇ ಇಲ್ಲದ ತಾಲೂಕಿಗೆ ಆಕ್ಟೋಪಸ್ ಯಾಕೆ ಗುರು?

ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಹೋದ್ರೆ ಒಂದು ಕೆತ್ತನೆ ಹುಡುಕಿ. 12ನೇ ಶತಮಾನದ್ದು. ಜಿಂಕೆಯನ್ನ ಹೆಬ್ಬಾವು ನುಂಗ್ತಿದೆ, ಹೆಬ್ಬಾವನ್ನ ಆನೆ ಹಿಡಿದಿದೆ, ಆನೆಯನ್ನ ಸಿಂಹ, ಸಿಂಹವನ್ನ ಶರಭ, ಶರಭವನ್ನ ಗಂಡಭೇರುಂಡ. ಹೌದು, ಕೆಎಸ್ಆರ್‌ಟಿಸಿ ಬಸ್ಸಿನ ಲಾಂಛನದಲ್ಲಿರೋ ಅದೇ ಎರಡು ತಲೆ ಹಕ್ಕಿ! ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡ್ತಿದಾನೆ. ಆ ಋಷಿಯನ್ನ ತೆಗೆದುಬಿಟ್ರೆ ಉಳಿಯೋದು ಬರೀ ಪ್ರಾಣಿಗಳ ಜಗಳ.

ಅದಕ್ಕೇ ನಾನು ಮೊದಲು ಮನುಷ್ಯನನ್ನ ಬಿಡಿಸ್ತೀನಿ. ನಮ್ಮೂರು ಮಗ್ಗಗಳ ಊರು. ರಾತ್ರಿ ಪಾಳಿಯಲ್ಲಿ ಕರೆಂಟ್ ಹೋಗುತ್ತೆ, ಪವರ್‌ಲೂಮ್ ಸದ್ದು ಒಂದೇ ಸಲ ನಿಲ್ಲುತ್ತೆ, ಒಬ್ಬ ಹೊರಗೆ ಬಂದು ನಿಲ್ತಾನೆ. ತಲೆಗೂದಲಲ್ಲಿ ನೂಲಿನ ಎಳೆ, ಬೆನ್ನು ನಮ್ಮ ಕಡೆ. ಮುಖ ಬೇಡ, ಭುಜ ಸ್ವಲ್ಪ ಮೇಲಕ್ಕೆ ಎತ್ತಿದ್ರೆ ಸಾಕು.

ಆಮೇಲೆ ಅಳತೆ. ಮಾಕಳಿದುರ್ಗದ ಬೆಟ್ಟ, ಕೆಳಗೆ ಹಳಿ ಮೇಲೆ ಬೆಂಕಿಕಡ್ಡಿಯಷ್ಟು ಗೂಡ್ಸ್ ರೈಲು ಬಿಡಿಸಿ. ರೈಲು ಎಷ್ಟುದ್ದ ಅಂತ ಎಲ್ಲರಿಗೂ ಗೊತ್ತು. ಈಗ ಬೆಟ್ಟದ ಗೆರೆಯಲ್ಲಿ ಒಂದೇ ಒಂದು ಕಡೆ ಬೆನ್ನುಮೂಳೆ ಥರ ಉಬ್ಬು ಕೊಡಿ. ಹಲ್ಲು, ಉಗುರು ಏನೂ ಬೇಡ. ಇಡೀ ಆಕಾರಕ್ಕೆ ಕಪ್ಪು ತುಂಬಿ, ಮೊಬೈಲಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಏನೋ ಸರಿಯಿಲ್ಲ ಅನ್ನಿಸ್ತಾ? ಸ್ಕೆಚ್ ಗೆದ್ದಿದೆ.

‘ಮನೇಲಿ ಇಂಥದ್ದೆಲ್ಲ ಬರೀಬೇಡ ಕಣೋ’ ಅಂತಾರೆ ಅಮ್ಮ. ಅದನ್ನ ನಗಾಡಿ ತಳ್ಳಿಹಾಕೋಕೆ ನನಗಿಷ್ಟ ಇಲ್ಲ. ಘಾಟಿ ಸುಬ್ರಹ್ಮಣ್ಯದಲ್ಲಿ ಸಾಲು ಸಾಲು ನಾಗರಕಲ್ಲು ನೋಡಿದಾಗ ಚಿತ್ರ ಬರೆಯೋ ಕೈ ತುರಿಸುತ್ತೆ. ಆದ್ರೂ ಅವನ್ನ ಹಾರರ್‌ಗೆ ಬಳಸಲ್ಲ. ಎಷ್ಟೋ ಜನ ಮಗು ಆಗ್ಲಿ ಅಂತ ಹರಕೆ ಹೊತ್ತು ಇಟ್ಟಿರೋ ಕಲ್ಲುಗಳು ಅವು. ಅವರ ದೇವರನ್ನ ನನ್ನ ರಾಕ್ಷಸ ಮಾಡೋಕೆ ಮನಸ್ಸು ಒಪ್ಪಲ್ಲ.

ಆದ್ರೆ ಅಲ್ಲಿಂದ ಒಂದು ಉಪಾಯ ತಗೊಂಡಿದೀನಿ. ಗರ್ಭಗುಡಿಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ನರಸಿಂಹ ಪಶ್ಚಿಮಕ್ಕೆ ಮುಖ ಮಾಡಿದಾರೆ. ಹಿಂದೆ ಇಟ್ಟಿರೋ ಕನ್ನಡಿಯಲ್ಲೇ ನಮಗೆ ನರಸಿಂಹನ ದರ್ಶನ. ನೇರವಾಗಿ ಕಾಣದ್ದು ಎಷ್ಟು ಹೊತ್ತು ಕಣ್ಣಲ್ಲೇ ಉಳಿಯುತ್ತೆ ನೋಡಿ. ನಿಮ್ಮ ಜೀವಿಯನ್ನೂ ಕೆರೆ ನೀರಲ್ಲಿ, ಬಸ್ಸಿನ ಸೈಡ್ ಮಿರರ್‌ನಲ್ಲಿ, ಆಫ್ ಆಗಿರೋ ಮೊಬೈಲ್ ಸ್ಕ್ರೀನಲ್ಲಿ ಮಾತ್ರ ಬಿಡಿಸಿ.

ಬಿಡಿಸಿದ್ದನ್ನ ನನಗೆ ಕಳಿಸಿ. ರಾತ್ರಿ ಹತ್ತರ ಮೇಲೆ ಮಾತ್ರ ಬೇಡ, ನಾನೂ ಮಲಗಬೇಕು.